ಆರನೆಯ ಹೂಮಾಲೆ

ಮೂರನೆಯ ಮೇಜಿನ ಕೆಳಗೆ ಮಂಡಿಯೂರಿ ಕೂತ ಶಶಿಪ್ರಭಾ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟಿನಲ್ಲಿ ಅದ್ದಿ, ಹಿತ್ತಾಳೆಯ ಜಾಯಿಂಟಿನ ಬಾಯೊಳಗೆ ಒಣಗಿ ಕೂತಿದ್ದ ಗಂಧವನ್ನು ಕೆದಕಿ ತೆಗೆಯುತ್ತಿದ್ದಳು.

ಆಯುಧಪೂಜೆ ಮುಗಿದು ಹತ್ತು ದಿನವಾಗಿತ್ತು. ಗಂಧ ಮಾತ್ರ ಮುಗಿದಿರಲಿಲ್ಲ. ಡಾಕ್ಟರ ಹೆಂಡತಿ ಕುಶಲಕ್ಕ ಕಾರಿಗೆ, ಸ್ಕೂಟರಿಗೆ ಬೊಟ್ಟಿಟ್ಟ ಹಾಗೆಯೇ ಲ್ಯಾಬಿನ ಕಂಪ್ಯೂಟರುಗಳಿಗೂ ಇಟ್ಟಿದ್ದರು. ಅಷ್ಟಕ್ಕೇ ನಿಲ್ಲಿಸದೆ ವೈರು ಸೇರುವ ಪ್ರತಿಯೊಂದು ಜಾಯಿಂಟಿಗೂ ಉಂಗುರ ಬೆರಳಿನಿಂದ ಗಂಧ ಹಚ್ಚಿದ್ದರು. "ಜೀವ ಓಡುವುದು ಇದರೊಳಗೆ ತಾನೇ ಶಶಿ?" ಎಂದು ಕೇಳಿದ್ದರು. ಸೇವಂತಿಗೆ ಮಾಲೆಯನ್ನು ಅಳತೆಗೆ ಕತ್ತರಿಸಿ ಕೊಟ್ಟವಳು ಶಶಿಪ್ರಭಾಳೇ. ಒಳಕೋಣೆಯ ದೊಡ್ಡ ಪೆಟ್ಟಿಗೆಗೆ ಒಂದು, ನಾಲ್ಕು ಮೇಜುಗಳಿಗೆ ನಾಲ್ಕು. ಮತ್ತೆ ಕುಶಲಕ್ಕ ಕೇಳಿದರೆಂದು ಅವರ ಹೊಲಿಗೆ ಮೆಷಿನ್ನಿಗೆ ಇನ್ನೊಂದು.

ಮೇಜಿನ ಆಚೆ ಎರಡು ಜೊತೆ ಬೂಟುಗಳು ಮಾತಾಡುತ್ತಿದ್ದವು.

"ಹೆಸರಿದೆ, ದಿನ ಇದೆ, ಟೈಮಿದೆ. ಇನ್ನೇನ್ ಬೇಕು ಸಾರ್?" ಎಂದಿತು ಹೊಳೆಯುವ ಕಪ್ಪು ಬೂಟು. "ಮಂಗಳವಾರ ಮಧ್ಯಾಹ್ನ ಮೂರು ಹನ್ನೊಂದು. ನಾಝಿಮಾ ಅನ್ನೋ ಹೆಸರಲ್ಲಿ ಒಳಗೆ ಹೋಗಿ ಹಾಶಿಂ ಅವರ ರಿಪೋರ್ಟಲ್ಲಿದ್ದ 'ಫಿಟ್' ತೆಗೆದು 'ಅನ್‌ಫಿಟ್' ಹಾಕಿದಾರೆ. ಮಿಷಿನ್ ಸುಳ್ಳು ಹೇಳಲ್ಲ."

"ಹೆಣ್ಣಿನ ಸೇಡು ಮಾರಾಯ್ರೇ," ಎಂದಿತು ಕಂದು ಬೂಟು. "ಹೋದ ವರ್ಷ ಆ ಹಾಶಿಮನ ಮನೆಯವರು ಇವಳನ್ನು ನೋಡಿ ಬೇಡ ಅಂದದ್ದುಂಟು. ತೊಕ್ಕೊಟ್ಟಿಗೆಲ್ಲ ಗೊತ್ತು. ಈಗ ಅವನ ವೀಸಾಕ್ಕೇ ಕಲ್ಲು ಹಾಕಿದ್ಳು."

ಶಶಿಪ್ರಭಾ ಕಡ್ಡಿಯ ತುದಿ ನೋಡಿದಳು. ಹತ್ತಿ ಹಳದಿಯಾಗಿತ್ತು. ಇನ್ನೊಂದು ತುಂಡು ಹತ್ತಿ ಸುತ್ತಿದಳು.

ಕಪ್ಪು ಬೂಟಿನವನು ಚಿತ್ತರಂಜನ. ಕಂಪ್ಯೂಟರ್ ಮಾರಿದ ಕಂಪನಿ ಬೆಂಗಳೂರಿನಿಂದ ಕಳಿಸಿದ ಇಂಜಿನಿಯರ್. ಬಂದು ಎರಡು ದಿನವಾಗಿತ್ತು. ಈ ಎರಡು ದಿನದಲ್ಲಿ ಅವನು ಮಾಡಿದ ಕೆಲಸವೆಂದರೆ ಎಲ್ಲ ಯಂತ್ರಗಳನ್ನು ಆರಿಸಿ ಮತ್ತೆ ಹೊತ್ತಿಸಿದ್ದು, ಟೈ ಸರಿಮಾಡಿಕೊಂಡದ್ದು. ಕಂದು ಬೂಟು ಜಯಪಾಲನದು, ಡಾಕ್ಟರ್ ಗುಣಪಾಲ ರೈಗಳ ತಮ್ಮ, ಲ್ಯಾಬಿನ ಮ್ಯಾನೇಜರ್. ಗಲ್ಫಿಗೆ ಹೋಗುವವರ ರಕ್ತ, ಮೂತ್ರ, ಎಕ್ಸ್‌ರೇ ಪರೀಕ್ಷೆ ಮಾಡಿ 'ಫಿಟ್' ಎಂದು ಕಾಗದ ಕೊಡುವ ಈ ಲ್ಯಾಬಿನಲ್ಲಿ ಡಾಕ್ಟರು ಸಹಿ ಮಾತ್ರ ಹಾಕುತ್ತಿದ್ದರು. ಯಾವ ಕಾಗದಕ್ಕೆ ಎಂಬುದನ್ನು ಜಯಪಾಲ ನೋಡಿಕೊಳ್ಳುತ್ತಿದ್ದ.

ಇಬ್ಬರಿಗೂ ತಮ್ಮ ಕಾಲ ಬುಡದಲ್ಲಿ ಒಬ್ಬಳು ಹೆಂಗಸು ಕೂತಿದ್ದಾಳೆ ಎಂಬ ನೆನಪೇ ಇರಲಿಲ್ಲ. ನಲವತ್ತಾರು ವರ್ಷದ, ಕನ್ನಡಕ ಹಾಕಿದ, ಮದುವೆಯಾಗದ ಹೆಂಗಸು ಕೋಣೆಯಲ್ಲಿದ್ದರೆ ಗಂಡಸರು ಕೋಣೆ ಖಾಲಿ ಇದೆ ಎಂದೇ ತಿಳಿಯುತ್ತಾರೆ. ಮೊದಮೊದಲು ಇದು ಅವಳಿಗೆ ನೋವಾಗುತ್ತಿತ್ತು. ಆಮೇಲೆ ಅನುಕೂಲವಾಯಿತು. ಈಗೀಗ ಅವರ ಬಗ್ಗೆ ತಣ್ಣಗಿನ ಒಂದು ತಾತ್ಸಾರ ಮಾತ್ರ ಉಳಿದಿತ್ತು. ದಿನಾ ಒರೆಸಿದರೂ ದಿನಾ ಬಂದು ಕೂರುವ ಧೂಳಿನ ಬಗ್ಗೆ ಇರುವಂಥದ್ದು.

"ನಾಲ್ಕು ಗಂಟೆಗೆ ಅವಳು ತಪ್ಪಾಯಿತು ಅಂತ ಬರೆದು ಸಹಿ ಹಾಕಬೇಕು," ಎಂದ ಜಯಪಾಲ. "ಆ ಕಾಗದ ತೋರಿಸಿ ಹಾಶಿಮನ ರಿಪೋರ್ಟನ್ನು ಪುನಃ ಫಿಟ್ ಮಾಡಿ ಕೊಡ್ತೇನೆ. ಹಾಕದಿದ್ರೆ ಪೊಲೀಸ್ ಠಾಣೆ. ಆಮೇಲೆ ಆ ಹುಡುಗಿಯನ್ನು ಕಾಟಿಪಳ್ಳದಲ್ಲಿ ಯಾರು ಕಟ್ಟಿಕೊಳ್ತಾರೆ ನೋಡುವ."

ಶಶಿಪ್ರಭಾ ಜಾಯಿಂಟನ್ನು ತಿರುಗಿಸಿ ಬಿಗಿಮಾಡಿದಳು. ಟೇಪು ಸುತ್ತಿ, ಅದರ ಮೇಲೆ ಮೇಣ ಸವರಿದ ಬಿಳಿ ನೂಲನ್ನು ಏಳು ಸುತ್ತು ಸುತ್ತಿ, ತುದಿಯನ್ನು ಒಳಗೆ ಎಳೆದು ಮುಚ್ಚಿದಳು. ಇಪ್ಪತ್ತು ವರ್ಷ ಬಂದರಿನ ಒಂದು ಹಂಚಿನ ಕಂಪನಿಯಲ್ಲಿ ಟೆಲಿಫೋನ್ ಸ್ವಿಚ್ ಬೋರ್ಡ್ ನೋಡಿಕೊಂಡಿದ್ದವಳ ಕೈಗೆ ಅಂಟಿದ ಅಭ್ಯಾಸ ಅದು. ಆ ಕಂಪನಿ ಮುಚ್ಚಿದಾಗ ಡಾಕ್ಟರು ಅವಳನ್ನು ಇಲ್ಲಿಗೆ ತಂದರು. ಫೋನಿನ ವೈರು ಗೊತ್ತಿದ್ದವಳಿಗೆ ಕಂಪ್ಯೂಟರಿನ ವೈರೂ ಗೊತ್ತಾಗದೆ ಎಲ್ಲಿಗೆ ಹೋಗುತ್ತದೆ ಎಂದರು.

ಅವಳು ಎದ್ದು ನಿಂತು ಸೆರಗು ಕೊಡವಿದಳು.

"ಓಹ್, ಮೇಡಂ ಇಲ್ಲೇ ಇದ್ರಾ?" ಚಿತ್ತರಂಜನ ನಕ್ಕ. "ಏನಿದು, ಎಲ್ಲಾ ಜಾಯಿಂಟಿಗೂ ತಾಯಿತ ಕಟ್ಟಿದೀರಲ್ಲ? ದೃಷ್ಟಿ ಆಗಬಾರದು ಅಂತಾನಾ?"

"ಸಡಿಲ ಆಗಬಾರದು ಅಂತ," ಎಂದಳು ಶಶಿಪ್ರಭಾ.

*

ಲ್ಯಾಬಿನ ರಿಪೋರ್ಟು ಟೈಪ್ ಮಾಡುವ ನಾಝಿಮಾ ಒಳಕೋಣೆಯಲ್ಲಿ ದೊಡ್ಡ ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಎಲ್ಲ ಮೇಜಿನ ಕಡತಗಳನ್ನೂ ತನ್ನೊಳಗೆ ಇಟ್ಟುಕೊಂಡ ಆ ಯಂತ್ರವನ್ನು ಸರ್ವರ್ ಎನ್ನುತ್ತಾರೆಂದು ಮೊದಲ ದಿನ ಹೇಳಿದಾಗ ಇದೇ ಹುಡುಗಿ, "ಅಕ್ಕ, ಹಾಗಾದ್ರೆ ಇದಕ್ಕೆ ಎರಡು ಮಸಾಲೆ ದೋಸೆ ಹೇಳಿ," ಎಂದು ಬಿದ್ದುಬಿದ್ದು ನಕ್ಕಿದ್ದಳು. ಈಗ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ನಾನು ಮಾಡ್ಲಿಲ್ಲ ಶಶಿಯಕ್ಕ."

"ಗೊತ್ತುಂಟು."

"ಅವರು ಬೇಡ ಅಂದಾಗ ನಾನು ಎರಡು ದಿನ ಅತ್ತೆ. ಮೂರನೇ ದಿನ ಮರೆತೆ. ಅವನ ಮುಖವೇ ನೆನಪಿಲ್ಲ, ಅಲ್ಲಾಹನಾಣೆ. ಇವರಿಗೆ ಅದೆಲ್ಲ ಹೇಗೆ ಹೇಳುವುದು?"

"ಹೇಳಬೇಡ. ಅದನ್ನು ಕೇಳುವ ಯೋಗ್ಯತೆ ಅವರಿಗಿಲ್ಲ."

ಹುಡುಗಿ ಮೂಗು ಒರೆಸಿಕೊಂಡಳು. "ಬೆಳಿಗ್ಗೆ ನಿಮ್ಮ ಡ್ರಾವರಿನಲ್ಲಿ ಹಲ್ವ ಇಟ್ಟಿದ್ದೇನೆ. ತಿಂದ್ರಾ? ಉಮ್ಮ ಮಾಡಿದ್ದು. ಅಯ್ಯೂಬಣ್ಣನ ರಿಪೋರ್ಟ್ ಫಿಟ್ ಬಂತಲ್ಲ, ಅದಕ್ಕೆ. ಶನಿವಾರ ಬೊಂಬಾಯಿ ಬಸ್ಸು, ಸೋಮವಾರ ವಿಮಾನ."

ಅಯ್ಯೂಬನನ್ನು ಶಶಿಪ್ರಭಾ ನೋಡಿದ್ದಳು. ಸಂಜೆ ತಂಗಿಯನ್ನು ಕರೆದೊಯ್ಯಲು ಸ್ಕೂಟರಿನಲ್ಲಿ ಬರುತ್ತಿದ್ದ. ಹಾರ್ನ್ ಹಾಕುತ್ತಿರಲಿಲ್ಲ, ಅವನ ಕೆಮ್ಮು ಕೇಳಿಯೇ ನಾಝಿಮಾ ಬ್ಯಾಗು ಎತ್ತಿಕೊಳ್ಳುತ್ತಿದ್ದಳು. ಮಳೆಗಾಲದ ಕೆಮ್ಮು, ಇನ್ನೂ ಬಿಟ್ಟಿಲ್ಲ ಎನ್ನುತ್ತಿದ್ದಳು.

"ಬಾ ನನ್ನೊಟ್ಟಿಗೆ," ಎಂದು ಶಶಿಪ್ರಭಾ ತನ್ನ ಪುಸ್ತಕವನ್ನೂ ನಶ್ಯದ ಹಳೆಯ ಡಬ್ಬಿಯನ್ನೂ ಎತ್ತಿಕೊಂಡಳು.

*

"ಮಂಗಳವಾರ ಮೂರು ಹನ್ನೊಂದಕ್ಕೆ ನಾಝಿಮಾಳ ಮೇಜು ಸತ್ತಿತ್ತು," ಎಂದಳು ಶಶಿಪ್ರಭಾ. ಪುಸ್ತಕವನ್ನು ಜಯಪಾಲನ ಮುಂದೆ ತೆರೆದಿಟ್ಟಳು. "ಇದು ನನ್ನ ಫಾಲ್ಟ್ ಬುಕ್. ಲೈನು ಹೋದ ಹೊತ್ತು, ಬಂದ ಹೊತ್ತು. ನೋಡಿ, ಮೂರು ನಾಲ್ಕಕ್ಕೆ ನಾಲ್ಕೂ ಮೇಜು ಮೂಕ. ಮೂರು ಇಪ್ಪತ್ತೆರಡಕ್ಕೆ ಬಂತು. ನಡುವೆ ಯಾರೂ ಒಂದಕ್ಷರ ಒತ್ತಲಿಕ್ಕೆ ಸಾಧ್ಯ ಇರಲಿಲ್ಲ."

ಜಯಪಾಲ ಪುಸ್ತಕವನ್ನು ಮುಟ್ಟದೆ ದೂರದಿಂದ ನೋಡಿದ. "ಇದೆಂತದು, ಹಾಲಿನವನ ಲೆಕ್ಕದ ಹಾಗೆ?"

"ಸರ್ವರ್ ಗಡಿಯಾರ ಹಿಂದೆ ಮುಂದೆ ಇರತ್ತೆ ಮೇಡಂ," ಎಂದ ಚಿತ್ತರಂಜನ. "ಅದನ್ನೆಲ್ಲ ನಂಬಕ್ಕಾಗಲ್ಲ."

"ಈಗಷ್ಟೇ ಮಿಷಿನ್ ಸುಳ್ಳು ಹೇಳಲ್ಲ ಅಂದ್ರಲ್ಲ?"

ಅವನು ಟೈ ಮುಟ್ಟಿಕೊಂಡ.

"ದಿನಾ ಬೆಳಿಗ್ಗೆ ನಾನು ನನ್ನ ವಾಚನ್ನು ಆಕಾಶವಾಣಿಯ ಟೈಮಿಗೆ ಸರಿಮಾಡ್ತೇನೆ. ಸರ್ವರಿನ ಗಡಿಯಾರವನ್ನು ನನ್ನ ವಾಚಿಗೆ. ಎರಡೂ ಒಂದೇ."

"ಆಯ್ತು. ಆದ್ರೆ ಲೈನು ಕಟ್ಟಾದ್ರೆ ಎಲ್ಲಾ ಕಟ್ಟಾಗತ್ತೆ. ಆಗ ಯಾರೂ ರಿಪೋರ್ಟ್ ತಿದ್ದಕ್ಕಾಗಲ್ಲ. ಆದ್ರೆ ತಿದ್ದಿದಾರೆ. ಅಂದ್ಮೇಲೆ ನಿಮ್ಮ ಪುಸ್ತಕ ತಪ್ಪು. ಸಿಂಪಲ್."

ಇವನಿಗೆ ಸಂಬಳ ಕೊಟ್ಟು, ಬಸ್ಸು ಹತ್ತಿಸಿ, ಲಾಡ್ಜಿನಲ್ಲಿ ಇರಿಸಿ, ಮಧ್ಯಾಹ್ನ ಅಂಜಲ್ ಮೀನಿನ ಫ್ರೈ ತಿನ್ನಿಸುತ್ತಾರೆ ಎಂದುಕೊಂಡಳು ಶಶಿಪ್ರಭಾ. ನಶ್ಯದ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಹೆಬ್ಬೆರಳಿನ ಉಗುರಿನಷ್ಟು ದಪ್ಪದ ಹಿತ್ತಾಳೆಯ ಕ್ಯಾಪುಗಳು. ಒಂದನ್ನು ತೆಗೆದಳು. ಉಳಿದದ್ದು ಎರಡು.

ಮತ್ತೊಮ್ಮೆ ಎಣಿಸಿದಳು. ಡಬ್ಬಿಯಲ್ಲಿ ನಾಲ್ಕು ಇರಬೇಕಿತ್ತು. ಒಂದು ಕಡಿಮೆ. ಮುಚ್ಚಳ ಹಾಕಿ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಜಯಪಾಲರೇ, ಈ ವೈರು ಒಂದೇ ಹಗ್ಗ. ಒಳಕೋಣೆಯ ಸರ್ವರಿನಿಂದ ಹೊರಟು ಒಂದು, ಎರಡು, ಮೂರು, ನಾಲ್ಕನೇ ಮೇಜಿಗೆ ಹೋಗಿ ಮುಗಿಯುತ್ತದೆ. ಎರಡು ತುದಿಗೂ ಇಂಥ ಒಂದೊಂದು ಕ್ಯಾಪ್. ಕ್ಯಾಪ್ ಇಲ್ಲದಿದ್ದರೆ ಇಡೀ ಹಗ್ಗ ಮೂಕ. ನಡುವೆ ಎಲ್ಲಿ ಬಿಚ್ಚಿದರೂ ಮೂಕ. ಇದು ಇಂಜಿನಿಯರರಿಗೂ ಗೊತ್ತುಂಟು. ಈಗ ನೋಡಿ."

ಎರಡನೆಯ ಮೇಜಿನ ಕೆಳಗೆ ಬಾಗಿ, ಮೂರನೆಯ ಮೇಜಿಗೆ ಹೋಗುವ ವೈರನ್ನು ಬಿಚ್ಚಿದಳು. ನಾಲ್ಕೂ ಪರದೆಗಳು ನಿಂತಲ್ಲೇ ನಿಂತವು. ಬಿಚ್ಚಿದ ಬಾಯಿಗೆ ಕೈಯಲ್ಲಿದ್ದ ಕ್ಯಾಪ್ ತಿರುಗಿಸಿದಳು.

"ನಾಝಿಮ, ಒಂದನೇ ಮೇಜಿನಲ್ಲಿ ಒಂದು ಹೆಸರು ಹುಡುಕು."

ನಾಝಿಮಾ ಒತ್ತಿದಳು. ಪರದೆಯಲ್ಲಿ ಹಸಿರು ಅಕ್ಷರಗಳು ಮೂಡಿದವು. ಮೂರನೆಯ, ನಾಲ್ಕನೆಯ ಮೇಜುಗಳು ಸತ್ತಂತೆಯೇ ಇದ್ದವು.

"ಅಂದರೆ ಕೈಯಲ್ಲಿ ಒಂದು ಕ್ಯಾಪ್ ಇದ್ದವರು ತಮಗೆ ಬೇಡದವರನ್ನು ಆಚೆಗೆ ಕತ್ತರಿಸಿ, ತಾವು ಮಾತ್ರ ಸರ್ವರಿನ ಹತ್ತಿರ ಮಾತಾಡಬಹುದು. ಮಂಗಳವಾರ ನಾಲ್ಕೂ ಮೇಜು ಸತ್ತಿತ್ತು. ಆದರೂ ಯಾರೋ ತಿದ್ದಿದ್ದಾರೆ. ಹಾಗಾದರೆ ಹಗ್ಗ ಬಿಚ್ಚಿದ್ದು ಸರ್ವರಿಗೂ ಮೊದಲನೇ ಮೇಜಿಗೂ ನಡುವೆ. ತಿದ್ದಿದ್ದೂ ಅಲ್ಲಿಂದಲೇ."

"ಅಲ್ಲೇನಿದೆ?"

"ಗೋಡೆ."

ಚಿತ್ತರಂಜನ ಜೋರಾಗಿ ನಕ್ಕ. "ಗೋಡೆ ಟೈಪ್ ಮಾಡ್ತಾ ಮೇಡಂ?"

ಜಯಪಾಲ ನಗಲಿಲ್ಲ. ಎಕ್ಸ್‌ರೇ ಕೋಣೆಯ ಸೀಸದ ಗೋಡೆಯನ್ನು ಕೊರೆಯಬಾರದೆಂದು ಆ ವೈರನ್ನು ಹಿಂದುಗಡೆಯ ಮನೆಯೊಳಗಿಂದ ಸುತ್ತಿ ತಂದದ್ದು ಅವನಿಗೆ ನೆನಪಿತ್ತು. ಅದು ಅಣ್ಣ ಅತ್ತಿಗೆಯ ಮನೆ.

"ಶಶಿಪ್ರಭಾ, ನಾಲಿಗೆ ಸ್ವಲ್ಪ ಹಿಡಿದು ಮಾತಾಡಿ. ಆಚೆ ಇರುವುದು ನಮ್ಮ ಮನೆ."

"ವೈರು ಹೋಗುವುದೂ ಅಲ್ಲಿಂದಲೇ. ಅದಲ್ಲದೆ ನಾಝಿಮಾಳ ಹೆಸರಿನಲ್ಲಿ ಒಳಗೆ ಹೋಗಲಿಕ್ಕೆ ನಾಝಿಮಾಳೇ ಆಗಬೇಕೆಂದಿಲ್ಲ. ನಿಮ್ಮದೂ ಸೇರಿ ನಾಲ್ವರ ಪಾಸ್‌ವರ್ಡನ್ನೂ ಬರೆದು ಮನೆಗೆ ಹೋಗುವ ಓಣಿಯ ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದು ನೀವು. ಮರೆತು ಹೋಗ್ತದೆ ಅಂತ."

ಚಿತ್ತರಂಜನ ಕಿಟಕಿಯ ಹೊರಗೆ ನೋಡತೊಡಗಿದ. ಜಯಪಾಲನ ಕಿವಿ ಕೆಂಪಾಯಿತು.

"ಸ್ವಿಚ್ ಬೋರ್ಡಿನಲ್ಲಿ ಕೂತು ಕಂಡವರ ಮಾತು ಕದ್ದು ಕೇಳಿದ ಬುದ್ಧಿ ಎಲ್ಲಿಗೆ ಹೋದೀತು! ಗಂಡ ಇಲ್ಲ, ಮಕ್ಕಳಿಲ್ಲ, ಬೇರೆಯವರ ಗೋಡೆಯಲ್ಲಿ ಎಂತ ಉಂಟು ಅಂತ ಹುಡುಕುವುದೇ ಕಸುಬು. ಹೋಗಿ ಮಾರಾಯ್ತಿ, ಹೋಗಿ! ಅತ್ತಿಗೆಯ ಅಡುಗೆಮನೆಯಲ್ಲಿ ಕಳ್ಳನನ್ನು ಹಿಡಿದು ಸೌಟಿನಲ್ಲಿ ತಕ್ಕೊಂಡು ಬನ್ನಿ. ನಾಲ್ಕು ಗಂಟೆಯವರೆಗೆ ಟೈಮುಂಟು."

ಗುಮಾನಿ ಒಂದಿಷ್ಟು ಇದ್ದಿದ್ದರೂ ಅವನು ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ತಾತ್ಸಾರವಿತ್ತು, ಆದ್ದರಿಂದ ಬಿಟ್ಟ.

*

ಕುಶಲಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಮರುವಾಯಿ ಚಿಪ್ಪುಗಳನ್ನು ಮಣೆಕತ್ತಿಯಲ್ಲಿ ಬಿಡಿಸುತ್ತಿದ್ದರು. ಕುಶಲಕ್ಕ ಎಂದರೆ ಈ ಕಟ್ಟಡದಲ್ಲಿ ಶಶಿಪ್ರಭಾ ಚಾ ಕುಡಿಯಲು ಕೂರುತ್ತಿದ್ದ ಒಂದೇ ಜಾಗ. ಮೆಡಿಕಲ್ ಕಾಲೇಜಿನಲ್ಲಿ ಎರಡು ವರ್ಷ ಓದಿ, ಮದುವೆಯ ಮಾತು ಬಂದಾಗ ಪುಸ್ತಕ ಮುಚ್ಚಿ ಬಂದವರು. ಆ ಮಾತನ್ನು ಒಮ್ಮೆ ಮಾತ್ರ ಹೇಳಿದ್ದರು, ಅದೂ ನಗುತ್ತ.

"ಎಂತ ಶಶಿ, ಮುಖ ಹೀಗೆ? ಜಯಪಾಲ ಬೊಬ್ಬೆ ಹೊಡೆಯುವುದು ಇಲ್ಲಿಯವರೆಗೆ ಕೇಳ್ತಿತ್ತು."

"ವೈರು ನೋಡಬೇಕಿತ್ತು ಅಕ್ಕ. ಓಣಿಯಲ್ಲಿ."

"ನೋಡು ನೋಡು. ನನ್ನ ಕೈಯೆಲ್ಲ ಮೀನು ವಾಸನೆ, ಏಳುವುದಿಲ್ಲ." ಚಿಪ್ಪು ಟಕ್ಕೆಂದು ಬಿಚ್ಚಿಕೊಂಡಿತು. "ಆ ಹುಡುಗಿ ಅಳ್ತಾ ಉಂಟಾ?"

"ಹೌದು."

ಕುಶಲಕ್ಕ ಇನ್ನೊಂದು ಚಿಪ್ಪು ಎತ್ತಿಕೊಂಡರು.

ಶಶಿಪ್ರಭಾ ಓಣಿಯಲ್ಲಿ ಗೋಡೆಯ ಬುಡ ಹಿಡಿದು ನಡೆದಳು. ಒಳಕೋಣೆಯಿಂದ ತೂರಿ ಬಂದ ಕಪ್ಪು ವೈರು ಅವಳೇ ಹೊಡೆದ ಮೊಳೆಗಳ ಮೇಲೆಯೇ ಓಡುತ್ತಿತ್ತು. ಹತ್ತು ಅಡಿ. ಹನ್ನೆರಡು ಅಡಿ. ಹೊಲಿಗೆ ಕೋಣೆಯ ಬಾಗಿಲ ಹಿಂದೆ, ಛತ್ರಿಗಳನ್ನು ತೂಗುಹಾಕಿದ ಕಡೆ, ಅವಳು ಛತ್ರಿಗಳನ್ನು ಸರಿಸಿದಳು.

ಅಲ್ಲಿ ಒಂದು ಜಾಯಿಂಟ್ ಇತ್ತು. ಅವಳು ಹಾಕಿದ್ದಲ್ಲ.

ಆದರೆ ಟೇಪಿನ ಮೇಲೆ ಮೇಣ ಸವರಿದ ಬಿಳಿ ನೂಲು. ಏಳು ಸುತ್ತು. ತುದಿ ಒಳಗೆ ಎಳೆದು ಮುಚ್ಚಿದ್ದು.

ತನ್ನ ಕೈಬರಹವನ್ನು ಬೇರೆಯವರ ಕಾಗದದಲ್ಲಿ ಕಂಡಂತಾಗಿ ಶಶಿಪ್ರಭಾ ಗೋಡೆಗೆ ಕೈ ಊರಿದಳು. ನೂಲಿನ ಮೇಲೆ ಉಂಗುರ ಬೆರಳಿನಷ್ಟು ಅಗಲದ ಗಂಧದ ಬೊಟ್ಟು ಒಣಗಿ ಬಿರಿದಿತ್ತು.

ಜಾಯಿಂಟಿನ ಮೂರನೆಯ ಬಾಯಿಂದ ಇನ್ನೊಂದು ವೈರು ಕವಲೊಡೆದು ಬಾಗಿಲ ಸಂದಿನಿಂದ ಹೊಲಿಗೆ ಕೋಣೆಗೆ ನುಗ್ಗಿತ್ತು. ಅದು ಟಿವಿ ಆಂಟೆನಾದ ವೈರು. ಬಣ್ಣ, ದಪ್ಪ ಅದೇ. ಮೈಮೇಲೆ ಅಚ್ಚಾದ ಅಕ್ಷರ ಬೇರೆ. ಟೆಲಿಫೋನಾದರೆ ಹೀಗೆ ಎಲ್ಲಿಂದ ಬೇಕಾದರೂ ಕವಲು ತೆಗೆಯಬಹುದು. ಈ ವೈರಿಗೆ ಕವಲು ಆಗದು. ಯಂತ್ರ ಜಾಯಿಂಟಿನ ಮೈಗೇ ಅಂಟಿ ಕೂರಬೇಕು. ಕವಲು ಇಟ್ಟರೆ ಇಡೀ ಲೈನು ಉಗ್ಗುತ್ತದೆ. ಜುಲೈಯಿಂದ ಲೈನು ಉಗ್ಗುತ್ತಿದ್ದದ್ದು, ನಿಮ್ಮ ಕೈಗುಣ ಸರಿಯಿಲ್ಲ ಎಂದು ಜಯಪಾಲ ಹೀಯಾಳಿಸುತ್ತಿದ್ದದ್ದು ಇದಕ್ಕೇ.

ಟೆಲಿಫೋನಿನ ಪಾಠ ಗೊತ್ತಿದ್ದು, ಕಂಪ್ಯೂಟರಿನ ಪಾಠ ಗೊತ್ತಿಲ್ಲದವರು ಮಾತ್ರ ಮಾಡುವ ತಪ್ಪು ಅದು. ಟೆಲಿಫೋನಿನ ಪಾಠ ಹೇಳಿಕೊಟ್ಟದ್ದು ಅವಳೇ. ಏಪ್ರಿಲಿನಲ್ಲಿ ಡಾಕ್ಟರ ಮಲಗುವ ಕೋಣೆಗೆ ಫೋನಿನ ಎಕ್ಸ್‌ಟೆನ್ಶನ್ ಎಳೆಯುವಾಗ ಪಕ್ಕದಲ್ಲಿ ಕೂತು, "ನನಗೂ ಕಲಿಸು ಶಶಿ, ಮಧ್ಯಾಹ್ನ ಹೊತ್ತೇ ಹೋಗುವುದಿಲ್ಲ," ಎಂದು ನೂಲಿನ ಉಂಡೆ ಹಿಡಿದಿದ್ದ ಕೈ. ಏಳು ಸುತ್ತು ಎಂದು ಎಣಿಸಿದ್ದ ಬಾಯಿ.

ಅವಳು ಹೊಲಿಗೆ ಕೋಣೆಯ ಬಾಗಿಲು ದೂಡಿದಳು.

ಹೊಲಿಗೆ ಮೆಷಿನ್ನಿನ ತಲೆಯನ್ನು ಮೇಜಿನೊಳಗೆ ಮಡಚಿ ಇಡಲಾಗಿತ್ತು. ಮೇಲೆ ಕಸೂತಿಯ ಬಟ್ಟೆ ಹೊದ್ದ ಒಂದು ಪೆಟ್ಟಿಗೆ. ಅದರ ಮೇಲೆ ಬಾಡಿ ಕಂದಾದ ಸೇವಂತಿಗೆ ಮಾಲೆ, ತಾನೇ ಅಳೆದು ಕತ್ತರಿಸಿ ಕೊಟ್ಟದ್ದು. ಬಟ್ಟೆ ಎತ್ತಿದಳು. ಜೂನಿನಲ್ಲಿ ಕೆಟ್ಟಿತೆಂದು ಬದಲಾಯಿಸಿ ಅಟ್ಟಕ್ಕೆ ಹಾಕಿದ್ದ ಹಳೆಯ ಕಂಪ್ಯೂಟರು. ಮೂಲೆ ಸೀಳಿದ್ದರೂ ಒರೆಸಿ ಒರೆಸಿ ಹೊಳೆಯುತ್ತಿತ್ತು.

ಡ್ರಾವರಿನಲ್ಲಿ ದಾರದ ಬಾಬಿನ್ನುಗಳ ಡಬ್ಬಿ. ಅದರೊಳಗೆ ಬಾಬಿನ್ನುಗಳ ನಡುವೆ ಕಾಣೆಯಾಗಿದ್ದ ಕ್ಯಾಪ್. ಡಬ್ಬಿಯ ಕೆಳಗೆ ಎಕ್ಸ್‌ರೇ ಫಿಲ್ಮುಗಳು.

ಮೇಲಿನದನ್ನು ಕಿಟಕಿಗೆ ಹಿಡಿದಳು. ಮೂಲೆಯಲ್ಲಿ ಬಿಳಿ ಅಕ್ಷರ: ಹಾಶಿಂ. ಪಕ್ಕೆಲುಬುಗಳ ಗೂಡಿನಲ್ಲಿ, ಬಲಗಡೆ ಮೇಲೆ, ಹತ್ತಿ ಅಂಟಿದ ಹಾಗೆ ಬಿಳಿ ಮಚ್ಚೆ. ಮೂರು ವರ್ಷ ಈ ಲ್ಯಾಬಿನಲ್ಲಿ ಕೂತವಳಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಕ್ಷಯ ಹಿಡಿದ ಶ್ವಾಸಕೋಶಕ್ಕೆ ಜಯಪಾಲ 'ಫಿಟ್' ಬರೆಸಿದ್ದ. ಡಾಕ್ಟರು ನೋಡದೆ ಸಹಿ ಹಾಕಿದ್ದರು. ಎರಡು ವರ್ಷ ಓದಿ ಪುಸ್ತಕ ಮುಚ್ಚಿದವರು ನೋಡಿ ತಿದ್ದಿದ್ದರು.

ಅಂದರೆ ಇಡೀ ಲ್ಯಾಬು ಹುಡುಕುತ್ತಿದ್ದ ಆ ಸುಳ್ಳೇ ಈ ಕಟ್ಟಡದ ಒಂದೇ ನಿಜವಾಗಿತ್ತು.

ಶಶಿಪ್ರಭಾಳ ಎದೆ ಉಬ್ಬಿತು. ಮರುಕ್ಷಣವೇ ಕುಸಿಯಿತು. ಕ್ಯಾಲೆಂಡರಿನ ಹಿಂದೆ ನಾಲ್ಕು ಹೆಸರುಗಳಿದ್ದವು. ಕುಶಲಕ್ಕ ತಮ್ಮ ಮೈದುನನ ಹೆಸರನ್ನು ಆರಿಸಬಹುದಿತ್ತು. ಆರಿಸಿದ್ದು ನಾಲ್ವರಲ್ಲಿ ಎಲ್ಲರಿಗಿಂತ ಕೆಳಗಿದ್ದ, ತಿರುಗಿ ಕೇಳಲಾರದ ಹುಡುಗಿಯ ಹೆಸರನ್ನು. ಯೋಚಿಸಿ ಆರಿಸಿದರೋ, ಯೋಚಿಸದೆ ಕೈ ಅಲ್ಲಿಗೇ ಹೋಯಿತೋ. ಎರಡನೆಯದೇ ಹೆಚ್ಚು ಹೇಸಿಗೆ ಅನ್ನಿಸಿತು. ದೊಡ್ಡ ಮನೆಯ ದಯೆಯೂ ಕಾಲು ಒರೆಸಲು ಯಾರನ್ನಾದರೂ ಬಾಗಿಲಲ್ಲಿ ಹಾಸಿಕೊಳ್ಳುತ್ತದೆ. ತಾನು? ಇಷ್ಟು ದಿನ ಗಂಡಸರನ್ನು ಕೀಳಾಗಿ ಕಂಡು ಕಂಡು, ಹೆಂಗಸಿನ ಕಡೆ ಕಣ್ಣೆತ್ತಿಯೂ ನೋಡದ ಪತ್ತೇದಾರಿಣಿ.

ಎರಡನೆಯ ಫಿಲ್ಮಿ​ಗೆ ಗುಂಡುಸೂಜಿಯಿಂದ ಚುಚ್ಚಿದ್ದ ಚೀಟಿಯಲ್ಲಿ ಕುಶಲಕ್ಕನ ದುಂಡು ಅಕ್ಷರ. 'ಹಾಶಿಂ, ಮಂಗಳವಾರ, 3' — ಮುಂದೆ ಗುರುತು ಹಾಕಿತ್ತು. ಅದರ ಕೆಳಗೆ ಇನ್ನೊಂದು ಹೆಸರು, 'ಗುರುವಾರ, 3' — ಗುರುತಿರಲಿಲ್ಲ. ಇವತ್ತು ಗುರುವಾರ.

ಹೆಸರನ್ನು ಓದಿದಳು. ಮತ್ತೆ ಫಿಲ್ಮಿನ ಮೂಲೆಯಲ್ಲಿ ಓದಿದಳು. ಕಿಟಕಿಯ ಬೆಳಕಿನಲ್ಲಿ ಎರಡೂ ಕಡೆ ಮೇಲೆ ಮಚ್ಚೆ, ಹಾಶಿಮನದಕ್ಕಿಂತ ದೊಡ್ಡದು.

ಅಯ್ಯೂಬ್, ಕಾಟಿಪಳ್ಳ.

*

"ಸಿಕ್ಕಿತಾ, ನೀನು ಹುಡುಕಿದ್ದು?" ಎಂದು ಕೇಳಿದರು ಕುಶಲಕ್ಕ. ತಲೆ ಎತ್ತಿರಲಿಲ್ಲ. ಮಣೆಕತ್ತಿಯ ಮೇಲೆ ಕೈ ನಿಂತಿತ್ತು.

"ಇಲ್ಲ ಅಕ್ಕ. ವೈರು ಸರಿ ಉಂಟು."

"ಹಾಗಾದ್ರೆ ಒಳ್ಳೆಯದಾಯ್ತು." ಚಿಪ್ಪು ಬಿಚ್ಚಿಕೊಂಡಿತು. "ಮೂರೂವರೆಗೆ ಬಾ, ಚಾ ಕುಡಿಯುವ."

ಶಶಿಪ್ರಭಾಳ ಮುಷ್ಟಿಯೊಳಗೆ ಆ ಕ್ಯಾಪ್ ಬಿಸಿಯಾಗಿತ್ತು. ಅದಿಲ್ಲದೆ ಲೈನು ಬಿಚ್ಚಿದರೆ ಎಲ್ಲವೂ ಮೂಕ. ಮೂರು ಗಂಟೆಗೆ ಯಾರೂ ಏನನ್ನೂ ತಿದ್ದಲಾರರು. ಅಯ್ಯೂಬ್ ಶನಿವಾರ ಬಸ್ಸು ಹತ್ತುತ್ತಾನೆ. ನಾಝಿಮಾ ನಾಲ್ಕಕ್ಕೆ ಸಹಿ ಹಾಕುತ್ತಾಳೆ, ಇಲ್ಲವೇ ಠಾಣೆಯ ಮೆಟ್ಟಿಲು ಹತ್ತುತ್ತಾಳೆ. ಗೋಡೆಯ ಜಾಯಿಂಟನ್ನು ತೋರಿಸಿದರೆ? ಏಳು ಸುತ್ತು ನೂಲನ್ನು ನೋಡಿ ಆ ಟೈಯವನು ಕೂಡ ತಾಯಿತ ಕಟ್ಟಿದವರು ಯಾರೆಂದು ಹೇಳಿಯಾನು. ಕುಶಲಕ್ಕನ ಕೈ ಎಂದರೆ ಯಾರು ನಂಬುತ್ತಾರೆ?

ಮೇಜಿನ ಹತ್ತಿರ ಬಂದು ಡ್ರಾವರು ಎಳೆದಳು. ಬಾಳೆಲೆಯ ಚೂರಿನಲ್ಲಿ ಸುತ್ತಿದ ಹಲ್ವ. ತುಪ್ಪ ಎಲೆಗೆ ಇಳಿದಿತ್ತು. ಮುಟ್ಟದೆ ಡ್ರಾವರು ಮುಚ್ಚಿದಳು.

ನಾಝಿಮಾಳಿಗೆ ಹೇಳಿಬಿಡಬಹುದು. ಹೇಳಿದರೆ ಆ ಹುಡುಗಿ ಏನು ಮಾಡುತ್ತಾಳೆಂದು ಶಶಿಪ್ರಭಾಳಿಗೆ ಖಾತ್ರಿಯಿತ್ತು. ತನ್ನ ಹೆಸರನ್ನು ಬಿಟ್ಟು ಅಣ್ಣನ ಟಿಕೆಟನ್ನು ಉಳಿಸುತ್ತಾಳೆ. ಮನೆಯವರಿಗಾಗಿ ಸಹಿ ಹಾಕುವುದನ್ನು ನಮ್ಮ ಹುಡುಗಿಯರಿಗೆ ಯಾರೂ ಕಲಿಸಬೇಕಾಗಿಲ್ಲ.

ಗೋಡೆಯ ಗಡಿಯಾರದಲ್ಲಿ ಎರಡೂವರೆ ದಾಟಿತ್ತು. ಅವಳು ಜಯಪಾಲನ ಕೋಣೆಯ ಬಾಗಿಲಲ್ಲಿ ನಿಂತಳು.

"ಗೋಡೆಯಲ್ಲಿ ಎಂತದೂ ಇಲ್ಲ."

ಜಯಪಾಲನ ಮೀಸೆಯಡಿ ನಗು ಹರಡಿತು. "ನಾನು ಹೇಳಲಿಲ್ಲವಾ? ಹೆಂಗಸರಿಗೆ ವೈರು, ಗಂಡಸರಿಗೆ ಬಸಿರು... ಬಿಡಿ, ಬಿಡಿ."

"ನಾಝಿಮಾ ಬರೆದುಕೊಡ್ತಾಳೋ ಏನೋ, ನೀವೇ ಕೂತು ಕೇಳಿ. ಮೂರು ಗಂಟೆಗೆ ಇಲ್ಲಿಗೇ ಕರೆಸಿ. ಮೂರೂವರೆ ತನಕ ಎದುರಿಗೇ ಕೂರಿಸಿ, ಏಳಲು ಬಿಡಬೇಡಿ. ಇಂಜಿನಿಯರರೂ ಇರಲಿ, ಸಾಕ್ಷಿಗೆ."

"ಈಗ ಬುದ್ಧಿ ಬಂತು ನೋಡಿ!" ಜಯಪಾಲ ಚಿತ್ತರಂಜನನ ಕಡೆ ಕಣ್ಣು ಹೊಡೆದ. "ಕಡೆಗೂ ನಮ್ಮ ಕಡೆ ಬಂದ್ರಲ್ಲ ಶಶಿಪ್ರಭಾ."

ಒಳಕೋಣೆಯಿಂದ ಅದನ್ನು ಕೇಳಿಸಿಕೊಂಡ ನಾಝಿಮಾ ಬಾಗಿಲಿಗೆ ಬಂದಳು. ಅವಳ ಕಣ್ಣು ಶಶಿಪ್ರಭಾಳ ಮುಖದಲ್ಲಿ ಏನನ್ನೋ ಹುಡುಕಿತು, ಸಿಗದೆ ಕೆಳಗಿಳಿಯಿತು.

"ನೀವೂ ಹಾಗೆಯಾ ಅಕ್ಕ?" ಎಂದಳು ಮೆಲ್ಲಗೆ.

ಮೂರು ಗಂಟೆಗೆ ಅವಳ ಹೆಸರಿನಲ್ಲಿ ಇನ್ನೊಂದು ರಿಪೋರ್ಟು ಬದಲಾಗುವಾಗ ಅವಳು ಇವರಿಬ್ಬರ ಕಣ್ಣೆದುರಿಗೇ ಕೂತಿರಬೇಕು ಎಂದುಕೊಂಡು ಶಶಿಪ್ರಭಾ ಓಣಿಯ ಕಡೆ ತಿರುಗಿದಳು. ಈ ಹುಡುಗಿಯನ್ನು ಕೇಳದೆ ಈ ಹುಡುಗಿಯ ಹೆಸರಿನಲ್ಲಿ ಒಂದು ಕೆಲಸ ಮಾಡಿದವರು ಒಬ್ಬರಿದ್ದರು. ಈಗ ಇಬ್ಬರು. ಹೇಸಿಗೆಯೆನಿಸಿದರೂ ಅವಳ ಕಾಲು ನಿಲ್ಲಲಿಲ್ಲ.

ಹೊರಗೆ ರಸ್ತೆಯ ಬದಿಯಲ್ಲಿ ಸ್ಕೂಟರೊಂದು ನಿಂತ ಸದ್ದಾಯಿತು. ಹಾರ್ನ್ ಕೇಳಿಸಲಿಲ್ಲ. ಕೆಮ್ಮು ಕೇಳಿಸಿತು. ಇವತ್ತು ಅಯ್ಯೂಬ್ ಬೇಗ ಬಂದಿದ್ದ, ರಿಪೋರ್ಟು ಒಯ್ಯಲು.

ಅವಳು ಓಣಿ ದಾಟಿದಳು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿತ್ತು. ಕುಶಲಕ್ಕನ ಬೆನ್ನು ಮಾತ್ರ ಕಂಡಿತು. ಹೊಲಿಗೆ ಕೋಣೆಯ ಡ್ರಾವರನ್ನು ಸದ್ದಾಗದಂತೆ ಎಳೆದು, ಮುಷ್ಟಿ ಬಿಚ್ಚಿ, ಬಾಬಿನ್ನುಗಳ ನಡುವೆ ಇದ್ದ ಜಾಗದಲ್ಲೇ ಆ ಕ್ಯಾಪನ್ನು ಇಟ್ಟಳು.